ರೂಕಿ ಕಾರ್ಡಾ, ಅಪರೂಪದ ಕಾರ್ಡಾ? ಹಳೇ ಬೇಸ್‌ಬಾಲ್ ಕಾರ್ಡುಗಳ ಲೆಕ್ಕ

1/10

ಫೋಟೋದಲ್ಲಿ ಎರಡು ಕಾರ್ಡುಗಳಿವೆ. ಎರಡರಲ್ಲೂ ಇರೋದು ಒಬ್ಬರೇ, ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕಿ ಮ್ಯಾಂಟಲ್. ಎಡಗಡೆಯದನ್ನು ಬೋಮನ್ ಕಂಪನಿ 1951ರಲ್ಲಿ ತಂದಿತು. ಮ್ಯಾಂಟಲ್ ದೊಡ್ಡ ಲೀಗಿಗೆ ಕಾಲಿಟ್ಟ ವರ್ಷ ಅದು, ಆಗ ವಯಸ್ಸು ಬರೀ 19. ಬಲಗಡೆಯದು ಮರುವರ್ಷ, ಅಂದ್ರೆ 1952ರಲ್ಲಿ ಬಂದ ಟಾಪ್ಸ್ ಕಂಪನಿಯ ಕಾರ್ಡು.

ಈಗ ಹೇಳಿ, ಯಾವುದಕ್ಕೆ ಬೆಲೆ ಜಾಸ್ತಿ?

"ಮೊದಲನೇ ಕಾರ್ಡಿಗೇ ಅಲ್ವಾ" ಅಂತ ಬಹಳ ಜನ ಹೇಳ್ತೀರ. ರೂಕಿ ಕಾರ್ಡು ಅಂದ್ರೆ ಹೊಸಬನ ಮೊದಲ ಕಾರ್ಡು. ಆ ಪಟ್ಟ ಇರೋದು ಎಡಗಡೆಯ ಬೋಮನ್‌ಗೆ. ಆದ್ರೆ 2022ರ ಆಗಸ್ಟ್‌ನಲ್ಲಿ ಹೆರಿಟೇಜ್ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಮಾರಾಟವಾಗಿ ದಾಖಲೆ ಮಾಡಿದ್ದು ಬಲಗಡೆಯ ಟಾಪ್ಸ್. ಅಂದಿನ ದರದಲ್ಲಿ ಸುಮಾರು 100 ಕೋಟಿ ರೂಪಾಯಿ. ಒಂದು ರಟ್ಟಿನ ತುಂಡಿಗೆ!

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಬೇಸ್‌ಬಾಲ್ ಕಾರ್ಡು ಅಂದ್ರೆ ಅಮೆರಿಕದಲ್ಲಿ ಮೊದಲು ಸಿಗರೇಟು ಪ್ಯಾಕಿನೊಳಗೆ, ಆಮೇಲೆ ಬಬಲ್‌ಗಮ್ ಜೊತೆ ಬರ್ತಿದ್ದ ಆಟಗಾರರ ಚಿತ್ರದ ಕಾರ್ಡು. ಮಕ್ಕಳು ಕೂಡಿಸ್ತಿದ್ರು, ಬದಲಾಯಿಸ್ಕೊಳ್ತಿದ್ರು, ಬೇಜಾರಾದ್ರೆ ಎಸೀತಿದ್ರು. ಈಗ ದೊಡ್ಡವರು ಅದೇ ಕಾರ್ಡುಗಳನ್ನು ಹರಾಜಿನಲ್ಲಿ ಕೊಳ್ತಾರೆ.

ಅವರ ನಡುವೆ ಮುಗಿಯದ ಜಗಳ ಒಂದಿದೆ. ಹಳೇ ಕಾರ್ಡನ್ನು ಅಳೆಯೋದು ಹೇಗೆ? ಎಷ್ಟು ಪ್ರತಿ ಉಳಿದಿದೆ ಅಂತಲಾ, ಅದು ರೂಕಿ ಹೌದೋ ಅಲ್ಲವೋ ಅಂತಲಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಳೇ ಕಾರ್ಡಿನ ವಿಷಯದಲ್ಲಿ ಅಪರೂಪ ಅನ್ನೋದು ಎಣಿಸಬಹುದಾದ ಸಂಗತಿ. ರೂಕಿ ಅನ್ನೋದು ನಾವು ಆಮೇಲೆ ಅಂಟಿಸಿದ ಚೀಟಿ. ಎಣಿಕೆಯನ್ನು ನಂಬಿ, ಚೀಟಿಯನ್ನು ಪ್ರಶ್ನಿಸಿ. ಯಾಕೆ ಅಂತ ಮುಂದಿನ ಒಂಬತ್ತು ಪೋಸ್ಟ್‌ಗಳಲ್ಲಿ ಹೇಳ್ತೀನಿ. ಓದಿ, ಆಮೇಲೆ ಜಗಳ ಆಡೋಣ.

2/10

ಮೊದಲು ಈ ಚೀಟಿಯನ್ನೇ ನೋಡೋಣ.

ರೂಕಿ ಕಾರ್ಡು ಯಾವುದು ಅಂತ ಹೇಳೋಕೆ ಸಂಗ್ರಹಕಾರರು ಮೂರು ಷರತ್ತು ಹಾಕ್ತಾರೆ. ಒಂದು, ಆಟಗಾರ ದೊಡ್ಡ ಲೀಗಿನವನಾಗಿ ಕಾಣಿಸಿಕೊಂಡಿರಬೇಕು. ಎರಡು, ಕಾರ್ಡು ಯಾವುದೋ ಒಂದೇ ಊರಿನಲ್ಲಿ ಹಂಚಿದ್ದಾಗಿರಬಾರದು, ದೇಶದ ತುಂಬ ಸಿಕ್ಕಿರಬೇಕು. ಮೂರು, ಅಂಥ ಕಾರ್ಡುಗಳಲ್ಲಿ ಅದೇ ಮೊದಲನೆಯದಾಗಿರಬೇಕು.

ಕೇಳೋಕೆ ಸರಳ. ನಮ್ಮ ಕಡೆಯ ಉದಾಹರಣೆ ಇಟ್ಟು ನೋಡಿ. ರಾಹುಲ್ ದ್ರಾವಿಡ್ ಕರ್ನಾಟಕದ ಪರ ರಣಜಿ ಆಡೋಕೆ ಶುರು ಮಾಡಿದ್ದು 1990-91ರ ಋತುವಿನಲ್ಲಿ. ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ಆಡಿದ್ದು 1996ರಲ್ಲಿ. ಈ ಮಧ್ಯೆ ಬೆಂಗಳೂರಿನ ಯಾರೋ ಒಬ್ಬರು ಅವರ ಕಾರ್ಡು ಪ್ರಿಂಟ್ ಮಾಡಿದ್ರು ಅಂತ ಇಟ್ಕೊಳ್ಳಿ. ಅದು ರೂಕಿ ಕಾರ್ಡಾ? ಈ ನಿಯಮದ ಪ್ರಕಾರ ಅಲ್ಲ. 1996ರ ಕಾರ್ಡೇ ರೂಕಿ. ಆದ್ರೆ ನಿಮ್ಮ ಮನಸ್ಸಿಗೆ ಯಾವುದು ಮೊದಲನೆಯದು ಅನ್ಸುತ್ತೆ? ಅಲ್ಲೇ ಇರೋದು ತಕರಾರು.

ಇನ್ನೊಂದು ವಿಷಯ. 1909ರ ಅಥವಾ 1951ರ ಕಾರ್ಡನ್ನು ತಿರುಗಿಸಿ ನೋಡಿದ್ರೆ "ಇದು ರೂಕಿ" ಅಂತ ಗುರುತು ಇರಲ್ಲ. 1960ರ ದಶಕದಲ್ಲಿ ಟಾಪ್ಸ್ ಕೆಲವು ಕಾರ್ಡುಗಳ ಮೇಲೆ "ರೂಕಿ ಸ್ಟಾರ್ಸ್" ಅಂತ ಹಾಕಿತು. ಹಾಗೆ ಹಾಕಿದ್ದ ಪೀಟ್ ರೋಸ್ ಅವರ 1963ರ ಕಾರ್ಡಿನಲ್ಲಿ ನಾಲ್ಕು ಜನರ ಮುಖ ಇದೆ! ಜೇಮ್ಸ್ ಬೆಕೆಟ್ ಅವರ ಬೆಲೆಪಟ್ಟಿಯ ಪುಸ್ತಕ ಬಂದಿದ್ದು 1979ರಲ್ಲಿ. ರೂಕಿ ಕಾರ್ಡಿಗೆ ಬೇರೆಯೇ ಬೆಲೆ ಕಟ್ಟುವ ಹುಚ್ಚು ಜೋರಾಗಿದ್ದು ಅದರ ನಂತರ, 80ರ ದಶಕದಲ್ಲಿ. ಕಾರ್ಡಿನ ಮೇಲೆ ಅಧಿಕೃತ ಆರ್‌ಸಿ ಚಿಹ್ನೆ ಬಂದಿದ್ದು 2006ರಲ್ಲಿ. (ಗಾಡಿ ಆರ್‌ಸಿ ಅಲ್ಲ ಗುರು, ರೂಕಿ ಕಾರ್ಡಿನ ಆರ್‌ಸಿ.)

ಅಂದ್ರೆ ಏನಾಯ್ತು? ಹಳೇ ಕಾರ್ಡುಗಳು ಮೊದಲು ಬಂದವು, ನಿಯಮ ಆಮೇಲೆ ಬಂತು. ನಾವು ಇಂದಿನ ಅಳತೆಪಟ್ಟಿ ಹಿಡಿದು ಅಂದಿನ ಬಟ್ಟೆ ಅಳೀತಿದ್ದೀವಿ.

3/10

ಈಗ ಎಣಿಕೆ. ಅದಕ್ಕೆ ಹೋನಸ್ ವ್ಯಾಗ್ನರ್‌ಗಿಂತ ಒಳ್ಳೇ ಉದಾಹರಣೆ ಇಲ್ಲ.

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು ಪ್ಯಾಕುಗಳಲ್ಲಿ ಒಂದು ಸೆಟ್ ಹಂಚಿತು. 500ಕ್ಕೂ ಹೆಚ್ಚು ಬೇರೆ ಬೇರೆ ಕಾರ್ಡುಗಳು. ಈಗ ಅದನ್ನು ಟಿ206 ಅಂತಾರೆ. ಆ ಹೆಸರು ಕಂಪನಿ ಇಟ್ಟಿದ್ದಲ್ಲ. ಜೆಫರ್‌ಸನ್ ಬರ್ಡಿಕ್ ಅನ್ನೋ ಸಂಗ್ರಹಕಾರರು ಕಾರ್ಡುಗಳಿಗೆಲ್ಲ ಕ್ಯಾಟಲಾಗ್ ಮಾಡಿದಾಗ ಕೊಟ್ಟ ಸಂಖ್ಯೆ ಅದು. ಅವರ ಸಂಗ್ರಹ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ, ಅದರಲ್ಲಿ ಬೇಸ್‌ಬಾಲ್ ಕಾರ್ಡುಗಳೇ 30,000ಕ್ಕೂ ಹೆಚ್ಚು.

ಆ ಸೆಟ್ಟಿನಲ್ಲಿ ಪಿಟ್ಸ್‌ಬರ್ಗ್ ತಂಡದ ವ್ಯಾಗ್ನರ್ ಕಾರ್ಡು ಶುರುವಾಗಿ ಬೇಗ ನಿಂತುಹೋಯಿತು. ತನ್ನ ಚಿತ್ರಕ್ಕೋಸ್ಕರ ಮಕ್ಕಳು ಸಿಗರೇಟು ಕೊಳ್ಳೋದು ವ್ಯಾಗ್ನರ್‌ಗೆ ಇಷ್ಟ ಇರಲಿಲ್ಲ ಅಂತ ಒಂದು ಮಾತಿದೆ. ಅಲ್ಲ, ದುಡ್ಡು ಕೊಡಲಿಲ್ಲ ಅಂತ ಬೇಡ ಅಂದ್ರು ಅನ್ನೋದು ಇನ್ನೊಂದು ಮಾತು. ವ್ಯಾಗ್ನರ್ ಸ್ವತಃ ತಂಬಾಕು ಅಗೀತಿದ್ರು ಅನ್ನೋದನ್ನೂ ನೆನಪಿಟ್ಕೊಳ್ಳಿ. ಕಾರಣ ಏನೇ ಇರಲಿ, ಇವತ್ತು ಗೊತ್ತಿರೋ ಪ್ರತಿಗಳು ಸುಮಾರು 50ರಿಂದ 60 ಮಾತ್ರ. 2022ರಲ್ಲಿ ಒಂದು ಪ್ರತಿ 72.5 ಲಕ್ಷ ಡಾಲರ್‌ಗೆ, ಅಂದ್ರೆ ಸುಮಾರು 57 ಕೋಟಿ ರೂಪಾಯಿಗೆ ಕೈ ಬದಲಾಯಿಸಿತು.

ಈಗ ಮುಖ್ಯ ಮಾತಿಗೆ ಬರೋಣ. ವ್ಯಾಗ್ನರ್ ದೊಡ್ಡ ಲೀಗಿನಲ್ಲಿ ಆಡೋಕೆ ಶುರು ಮಾಡಿದ್ದು 1897ರಲ್ಲಿ. ಈ ಕಾರ್ಡು ಬಂದಾಗ ಅವರು ಹನ್ನೆರಡು ವರ್ಷದ ಅನುಭವಿ. ರೂಕಿ ಅನ್ನೋ ಪದಕ್ಕೂ ಈ ಕಾರ್ಡಿಗೂ ಸಂಬಂಧವೇ ಇಲ್ಲ. ಆದ್ರೂ ನೂರು ವರ್ಷದಿಂದ ಇಡೀ ಹವ್ಯಾಸಕ್ಕೆ ಇದೇ ತಲೆಮೇಲಿನ ಕಿರೀಟ.

ಅಪರೂಪ ಗೆದ್ದಿತು, ಕಥೆ ಮುಗೀತು ಅಂತ ಅನ್ಕೋಬೇಡಿ. ಮುಂದಿನ ಪೋಸ್ಟ್‌ನಲ್ಲಿ ವ್ಯಾಗ್ನರ್‌ಗಿಂತಲೂ ಅಪರೂಪದ ಒಂದು ಕಾರ್ಡಿದೆ. ಅದರ ಹೆಸರು ನೀವು ಬಹುಶಃ ಕೇಳಿಲ್ಲ.

4/10

ಜೋ ಡಾಯ್ಲ್.

ಕೇಳಿದ್ದೀರಾ? ಇಲ್ಲ ಅಲ್ವಾ. ಅದೇ ಟಿ206 ಸೆಟ್ಟಿನಲ್ಲಿ ಇವರೂ ಇದ್ದಾರೆ. ನ್ಯೂಯಾರ್ಕಿನ ಹೈಲ್ಯಾಂಡರ್ಸ್ ತಂಡದ ಬೌಲರ್ ಅನ್ನಿ, ಅವರ ಭಾಷೆಯಲ್ಲಿ ಪಿಚರ್. ಆ ತಂಡ ಇದ್ದಿದ್ದು ಅಮೆರಿಕನ್ ಲೀಗಿನಲ್ಲಿ. ಅದೇ ಊರಿನ ಜೈಂಟ್ಸ್ ತಂಡ ಇದ್ದಿದ್ದು ನ್ಯಾಷನಲ್ ಲೀಗಿನಲ್ಲಿ, ಅಲ್ಲಿ ಲ್ಯಾರಿ ಡಾಯ್ಲ್ ಅಂತ ಇನ್ನೊಬ್ಬರು ಇದ್ರು. ಪ್ರಿಂಟ್ ಮಾಡೋರು ಇಬ್ಬರು ಡಾಯ್ಲ್‌ಗಳನ್ನೂ ಕಲಸಿಬಿಟ್ರು. ಜೋ ಡಾಯ್ಲ್ ಚಿತ್ರದ ಕೆಳಗೆ "ನ್ಯೂಯಾರ್ಕ್, ನ್ಯಾಷನಲ್" ಅಂತ ಅಚ್ಚಾಯಿತು. ತಪ್ಪು ಗೊತ್ತಾಗಿ ಬೇಗ ಸರಿ ಮಾಡಿದ್ರು. ತಪ್ಪು ಇರೋ ಪ್ರತಿಗಳು ಈಗ ಬೆರಳೆಣಿಕೆಯಷ್ಟು. ವ್ಯಾಗ್ನರ್ ಕಾರ್ಡಿಗಿಂತ ಎಷ್ಟೋ ಪಾಲು ಅಪರೂಪ.

ಬೆಲೆ? ವ್ಯಾಗ್ನರ್ ಹತ್ತಿರಕ್ಕೂ ಬರಲ್ಲ.

ಯಾಕೆ? ಜೋ ಡಾಯ್ಲ್ ಯಾರಿಗೆ ಬೇಕು? ವ್ಯಾಗ್ನರ್ ಎಂಟು ಸಲ ನ್ಯಾಷನಲ್ ಲೀಗಿನ ಬ್ಯಾಟಿಂಗ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದವರು. 1936ರಲ್ಲಿ ಹಾಲ್ ಆಫ್ ಫೇಮ್‌ಗೆ ಆರಿಸಿದ ಮೊದಲ ಐವರಲ್ಲಿ ಒಬ್ಬರು. ಡಾಯ್ಲ್ ಬಂದ್ರು, ಆಡಿದ್ರು, ಹೋದ್ರು. ಸೆಟ್ಟನ್ನು ಪೂರ್ತಿ ಮಾಡಬೇಕು ಅನ್ನೋ ಹಟ ಇರೋರಿಗೆ ಮಾತ್ರ ಆ ತಪ್ಪು ಕಾರ್ಡು ಬೇಕು.

ಪಿಯುಸಿಯಲ್ಲಿ ಅರ್ಥಶಾಸ್ತ್ರ ತಗೊಂಡವರು ಈಗಾಗಲೇ ಹಿಡಿದಿರ್ತೀರ. ಎಷ್ಟು ಪ್ರತಿ ಇದೆ ಅನ್ನೋದು ಪೂರೈಕೆ. ಎಷ್ಟು ಜನಕ್ಕೆ ಬೇಕು ಅನ್ನೋದು ಬೇಡಿಕೆ. ಅಪರೂಪ ಅನ್ನೋದು ಪೂರೈಕೆಯ ಕಡೆಯ ಮಾತು. ರೂಕಿ ಅನ್ನೋದು ಬೇಡಿಕೆಯ ಕಡೆಯ ಮಾತು, ಜನಕ್ಕೆ ಕಾರ್ಡು ಬೇಕು ಅನ್ಸೋಕೆ ಇರೋ ಹಲವು ಕಾರಣಗಳಲ್ಲಿ ಅದೂ ಒಂದು. ಆಟಗಾರನ ದೊಡ್ಡತನ, ಚಿತ್ರದ ಚೆಂದ, ಅದರ ಹಿಂದಿನ ಕಥೆ, ಇವೆಲ್ಲ ಉಳಿದ ಕಾರಣಗಳು.

"ಅಪರೂಪ ಮುಖ್ಯವಾ, ರೂಕಿ ಮುಖ್ಯವಾ" ಅಂತ ಕೇಳೋರು ಇವೆರಡನ್ನೂ ಒಂದೇ ತಕ್ಕಡಿಯ ಎರಡು ತಟ್ಟೆಗೆ ಹಾಕ್ತಾರೆ. ಒಂದು ಕಾರ್ಡಿಗೆ ಸಂಬಂಧಪಟ್ಟಿದ್ದು, ಇನ್ನೊಂದು ನಮ್ಮ ತಲೆಗೆ ಸಂಬಂಧಪಟ್ಟಿದ್ದು.

5/10

ಮ್ಯಾಂಟಲ್ ವಿಷಯ ಬಾಕಿ ಇತ್ತಲ್ಲ, ಬನ್ನಿ.

1952ರ ಟಾಪ್ಸ್ ಸೆಟ್ಟಿನಲ್ಲಿ 407 ಕಾರ್ಡು. ಒಂದೇ ಸಲ ಬರಲಿಲ್ಲ, ಕಂತು ಕಂತಾಗಿ ಅಂಗಡಿಗೆ ಬಂದವು. 311ರಿಂದ 407ರವರೆಗಿನ ಕೊನೇ ಕಂತು ಬರೋ ಹೊತ್ತಿಗೆ ಬೇಸ್‌ಬಾಲ್ ಋತು ಮುಗೀತಾ ಬಂದಿತ್ತು, ಮಕ್ಕಳ ಗಮನ ಬೇರೆ ಕಡೆ ಹೋಗಿತ್ತು. ಮಾಲು ಗೋದಾಮಿನಲ್ಲೇ ಉಳೀತು. ಈ ಸೆಟ್ ರೂಪಿಸಿದ ಸೈ ಬರ್ಗರ್ ಅವರೇ ಮುಂದೆ ಹೇಳಿಕೊಂಡ ಪ್ರಕಾರ, 1960ರ ಸುಮಾರಿಗೆ ಉಳಿದ ಪೆಟ್ಟಿಗೆಗಳನ್ನೆಲ್ಲ ಕಸದ ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದುಬಿಟ್ರು. ಜಾಗ ಖಾಲಿ ಮಾಡಬೇಕಿತ್ತು, ಅಷ್ಟೇ!

ಮ್ಯಾಂಟಲ್ ಕಾರ್ಡಿನ ಸಂಖ್ಯೆ 311. ಕೊನೇ ಕಂತಿನ ಮೊದಲ ಕಾರ್ಡು. ಆದ್ರೆ ಒಂದು ಗುಟ್ಟಿದೆ. 311, 312, 313 ಈ ಮೂರನ್ನೂ ಒಂದೊಂದು ಹಾಳೆಯಲ್ಲಿ ಎರಡೆರಡು ಸಲ ಅಚ್ಚು ಹಾಕಿದ್ರು. ಹಾಗಾಗಿ ಆ ಕಂತಿನ ಉಳಿದ ಕಾರ್ಡುಗಳಿಗಿಂತ ಮ್ಯಾಂಟಲ್ ಕಾರ್ಡೇ ಹೆಚ್ಚು ಅಚ್ಚಾಗಿದೆ.

ಅದೇ ಕಂತಿನ ಕೊನೇ ಕಾರ್ಡು 407, ಎಡ್ಡಿ ಮ್ಯಾಥ್ಯೂಸ್. 512 ಹೋಮ್ ರನ್ ಹೊಡೆದವರು, 1978ರಲ್ಲಿ ಹಾಲ್ ಆಫ್ ಫೇಮ್ ಸೇರಿದವರು. ಅದು ಅವರ ರೂಕಿ ಕಾರ್ಡು. ಅದು ಅಚ್ಚಾಗಿದ್ದೂ ಕಡಿಮೆ. ಮಕ್ಕಳು ಕಾರ್ಡುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದಾಗ ಸೆಟ್ಟಿನ ಕೊನೇ ಕಾರ್ಡೇ ಸವೆಯೋದು. ಹಾಗಾಗಿ ಚೆನ್ನಾಗಿ ಉಳಿದಿದ್ದು ಇನ್ನೂ ಕಡಿಮೆ.

ನೋಡಿ, ರೂಕಿ ಅನ್ನೋ ಅಳತೆಯಲ್ಲಿ ಮ್ಯಾಥ್ಯೂಸ್ ಗೆದ್ದರು. ಅಪರೂಪ ಅನ್ನೋ ಅಳತೆಯಲ್ಲೂ ಮ್ಯಾಥ್ಯೂಸ್ ಗೆದ್ದರು. ಬೆಲೆಯಲ್ಲಿ ಮಾತ್ರ ದಾಖಲೆ ಮ್ಯಾಂಟಲ್‌ದು. ಟಾಪ್ಸ್‌ನ ಮೊದಲ ದೊಡ್ಡ ಸೆಟ್, ಯಾಂಕೀಸ್ ಹೀರೊ, ಸಮುದ್ರಕ್ಕೆ ಸುರಿದ ಕಥೆ, ಅಮೆರಿಕದ ಒಂದಿಡೀ ಪೀಳಿಗೆಯ ಬಾಲ್ಯ, ಇವೆಲ್ಲ ಸೇರಿ ಮಾಡಿದ ಬೇಡಿಕೆ ಅದು.

ಹಾಗಾಗಿ ಬೆಲೆ ನೋಡಿ "ಇದೇ ಅಪರೂಪ" ಅಂತ ತೀರ್ಮಾನ ಮಾಡಬೇಡಿ. ಬೆಲೆ ಬೇರೆ, ಎಣಿಕೆ ಬೇರೆ.

6/10

"ಹಾಗಾದ್ರೆ 1952ರ ಮ್ಯಾಂಟಲ್ ಸಾವಿರಕ್ಕೂ ಹೆಚ್ಚು ಇದ್ರೂ ಒಂದೇ ಒಂದು ಪ್ರತಿಗೆ 100 ಕೋಟಿ ಯಾಕೆ?" ಅಂತ ಕೇಳ್ತೀರ. ಅದಕ್ಕೆ ಉತ್ತರ ದರ್ಜೆ.

ಪಿಎಸ್‌ಎ, ಎಸ್‌ಜಿಸಿ ತರಹದ ಕಂಪನಿಗಳು ಕಾರ್ಡನ್ನು ಪರೀಕ್ಷಿಸಿ 1ರಿಂದ 10ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡ್ತವೆ. ಮೂಲೆ ಚೂಪಾಗಿದೆಯಾ, ಅಂಚು ನೇರ ಇದೆಯಾ, ಚಿತ್ರ ನಡುವಲ್ಲಿದೆಯಾ ಅಂತ ನೋಡ್ತಾರೆ. ದಾಖಲೆ ಮಾಡಿದ ಮ್ಯಾಂಟಲ್‌ಗೆ ಸಿಕ್ಕಿದ್ದು 9.5. ಕಾರ್ಡು ಅಪರೂಪ ಅಲ್ಲ, ಅಷ್ಟು ಹೊಸದರ ಹಾಗೆ ಉಳಿದಿರೋದು ಅಪರೂಪ. ಅದರ ಹಿಂದಿನ ಮಾಲೀಕರು 1991ರಲ್ಲಿ ಕೊಟ್ಟಿದ್ದು 50,000 ಡಾಲರ್.

ಇಲ್ಲಿ ಎಚ್ಚರ ಬೇಕು. ಪ್ರತಿಗಳನ್ನು ಎಣಿಸಬಹುದು. ದರ್ಜೆಯನ್ನು ಮಾತ್ರ ಯಾರೋ ನೋಡಿ ಹೇಳಬೇಕು. ಹೇಳೋದು ಮನುಷ್ಯರು. ಮೋಸ ನುಗ್ಗೋದು ಅಲ್ಲೇ.

ಐಸ್ ಹಾಕಿಯ ದಿಗ್ಗಜ ವೇಯ್ನ್ ಗ್ರೆಟ್ಸ್ಕಿ ಇನ್ನೊಬ್ಬರ ಜೊತೆ ಸೇರಿ 1991ರಲ್ಲಿ ಒಂದು ವ್ಯಾಗ್ನರ್ ಕಾರ್ಡು ಕೊಂಡ್ರು, 4,51,000 ಡಾಲರ್‌ಗೆ. ಪಿಎಸ್‌ಎ ಅದಕ್ಕೆ 8 ಅಂಕ ಕೊಟ್ಟಿತು. ಬೇರೆ ಯಾವ ವ್ಯಾಗ್ನರ್ ಪ್ರತಿಗೂ ಅಷ್ಟು ಅಂಕ ಸಿಕ್ಕಿಲ್ಲ. 2007ರಲ್ಲಿ ಅದು 28 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಅದರ ಮೊದಲಿನ ಮಾಲೀಕರಲ್ಲಿ ಒಬ್ಬರು ಬಿಲ್ ಮ್ಯಾಸ್ಟ್ರೊ, ಹರಾಜು ಲೋಕದ ದೊಡ್ಡ ಕುಳ. ವಂಚನೆ ಕೇಸಿನಲ್ಲಿ 2013ರಲ್ಲಿ ತಪ್ಪೊಪ್ಪಿಕೊಂಡಾಗ ಅವರು ಬಾಯಿಬಿಟ್ರು: ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರ ಮಾಡಿದ್ದೆ ಅಂತ.

ಪ್ರಪಂಚದ ಅತಿ ಹೆಸರುವಾಸಿ ಕಾರ್ಡಿನಲ್ಲೇ ಹೀಗೆ. ಡಬ್ಬಿಯ ಮೇಲಿನ ಅಂಕಿ ನೋಡಿ ಕಣ್ಣು ಮುಚ್ಚಿ ನಂಬೋರು ಇದನ್ನು ಗೋಡೆಗೆ ಬರೆದಿಟ್ಕೊಳ್ಳಿ.

7/10

ಈಗ ನಾನೇ ನನ್ನ ವಾದಕ್ಕೆ ಅಡ್ಡ ನಿಲ್ತೀನಿ. ಅಪರೂಪವನ್ನೂ ಹಾಗೇ ನಂಬೋಕಾಗಲ್ಲ, ಯಾಕಂದ್ರೆ ಅದನ್ನು ಬೇಕು ಅಂತಲೇ ಮಾಡಬಹುದು.

1933ರಲ್ಲಿ ಗೌಡಿ ಅನ್ನೋ ಗಮ್ ಕಂಪನಿ (ಹೆಸರು ಕೇಳಿ ಮಂಡ್ಯದ್ದು ಅನ್ಕೋಬೇಡಿ, ಬಾಸ್ಟನ್ನಿನದ್ದು) 240 ಸಂಖ್ಯೆಯ ಸೆಟ್ ತಂದಿತು. ಮಕ್ಕಳು ಒಂದೊಂದು ಸೆಂಟ್ ಕೊಟ್ಟು ಗಮ್ ಕೊಂಡ್ರು, ಕಾರ್ಡು ಜೋಡಿಸಿದ್ರು. 105 ಸಿಕ್ತು, 107 ಸಿಕ್ತು, 106 ಮಾತ್ರ ಯಾರಿಗೂ ಸಿಗ್ತಿಲ್ಲ. ಇನ್ನೂ ಗಮ್ ಕೊಂಡ್ರು. ಸಿಗೋಕೆ ಸಾಧ್ಯವೇ ಇರಲಿಲ್ಲ, ಕಂಪನಿ ಆ ಸಂಖ್ಯೆಯನ್ನು ಅಚ್ಚೇ ಹಾಕಿರಲಿಲ್ಲ! ದೂರು ಬರೆದವರಿಗೆ 1934ರಲ್ಲಿ ಒಂದು 106 ಅಚ್ಚು ಹಾಕಿ ಅಂಚೆಯಲ್ಲಿ ಕಳಿಸಿದ್ರು. ಅದರಲ್ಲಿದ್ದದ್ದು ಆಟ ಬಿಟ್ಟು ಎಷ್ಟೋ ವರ್ಷ ಆಗಿದ್ದ ನೆಪೋಲಿಯನ್ ಲಾಜ್ವೇ. ಇವತ್ತು ಅದು ಅತ್ಯಂತ ಅಪರೂಪದ ಗಮ್ ಕಾರ್ಡುಗಳಲ್ಲೊಂದು. ರೂಕಿಗೂ ಅದಕ್ಕೂ ದೂರ ದೂರದ ನಂಟಿಲ್ಲ.

ಈಗಿನ ಕಂಪನಿಗಳು ಅದನ್ನೇ ಬಹಿರಂಗವಾಗಿ ಮಾಡ್ತವೆ. ಒಂದೇ ಪ್ರತಿ ಅಚ್ಚು ಹಾಕಿ ಮೇಲೆ "1/1" ಅಂತ ಬರೀತಾರೆ. ಮೈಕ್ ಟ್ರೌಟ್ ಅವರ ಸಹಿ ಇರೋ 2009ರ ಅಂಥ ಒಂದು ಕಾರ್ಡು 2020ರಲ್ಲಿ 39 ಲಕ್ಷ ಡಾಲರ್ ದಾಟಿತು. ತಮಾಷೆ ಅಂದ್ರೆ ನಿಯಮದ ಪ್ರಕಾರ ಟ್ರೌಟ್ ರೂಕಿ ಕಾರ್ಡು ಅದಲ್ಲ, 2011ರದ್ದು.

ಹಾಗಾಗಿ "ಎಷ್ಟಿದೆ" ಅನ್ನೋದರ ಜೊತೆಗೆ "ಯಾಕೆ ಇಷ್ಟೇ ಇದೆ" ಅಂತಲೂ ಕೇಳಿ. ವ್ಯಾಗ್ನರ್ ಕಾರ್ಡು ಬೇಗ ನಿಂತಿದ್ದರಿಂದ ಕಡಿಮೆ. ಡಾಯ್ಲ್ ಕಾರ್ಡು ಕೈತಪ್ಪಿನಿಂದ ಕಡಿಮೆ. ಕೊನೇ ಕಂತಿನ ಟಾಪ್ಸ್ ಮಾರಾಟವಾಗದೆ ಕಡಿಮೆ. ಗೌಡಿ 106 ಮಕ್ಕಳ ಜೇಬಿಗೆ ಕೈ ಹಾಕೋಕೆ ಮಾಡಿದ ಕಡಿಮೆ. ಮೊದಲ ಮೂರರಲ್ಲಿ ಇತಿಹಾಸ ಇದೆ. ಕೊನೆಯದರಲ್ಲಿ ವ್ಯಾಪಾರ ಇದೆ.

8/10

ರೂಕಿ ಕಡೆಯವರಿಗೂ ನ್ಯಾಯವಾಗಿ ಮಾತಾಡೋಕೆ ಅವಕಾಶ ಕೊಡಬೇಕು. ಅವರ ವಾದ ದಡ್ಡ ವಾದ ಅಲ್ಲ.

ಹ್ಯಾಂಕ್ ಆರನ್ ಅವರಿಗೆ 1954ರಿಂದ 1976ರವರೆಗೆ ವರ್ಷ ವರ್ಷವೂ ಟಾಪ್ಸ್ ಕಾರ್ಡು ಬಂತು. ಅಷ್ಟರಲ್ಲಿ ಒಂದನ್ನೇ ಆರಿಸು ಅಂದ್ರೆ ಯಾವುದನ್ನು ಆರಿಸ್ತೀರ? ಮೊದಲನೆಯದನ್ನೇ. 1954ರಲ್ಲಿ ಆ ಹುಡುಗ ಮುಂದೆ ಬೇಬ್ ರೂತ್ ದಾಖಲೆ ಮುರೀತಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. 1955ರಲ್ಲಿ ರಾಬರ್ಟೊ ಕ್ಲೆಮೆಂಟೆ, ಸ್ಯಾಂಡಿ ಕೋಫ್ಯಾಕ್ಸ್ ಕಾರ್ಡು ಸಿಕ್ಕ ಮಕ್ಕಳಿಗೂ ಅಷ್ಟೇ. ಅವರ ಕಣ್ಣಿಗೆ ಅವರು ಯಾರೋ ಹೊಸಬರು. ಆ ಕಾರ್ಡುಗಳನ್ನು ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್‌ರ್ ಅಂತ ಸದ್ದು ಮಾಡ್ತಾ ಓಡಿಸಿದ ಮಕ್ಕಳಿದ್ದಾರೆ. ಗೊತ್ತಿಲ್ಲದ ಕಾರಣಕ್ಕೇ ಯಾರೂ ಜೋಪಾನ ಮಾಡಲಿಲ್ಲ, ಜೋಪಾನ ಮಾಡದ ಕಾರಣಕ್ಕೇ ಒಳ್ಳೇ ಪ್ರತಿ ಕಡಿಮೆ.

ಒಪ್ತೀನಿ. ಆದ್ರೆ ಗಮನಿಸಿ, ಈ ವಾದದ ಶಕ್ತಿ ಇರೋದು "ರೂಕಿ" ಪದದಲ್ಲಲ್ಲ, "ಉಳಿದಿದ್ದು ಕಡಿಮೆ" ಅನ್ನೋದರಲ್ಲಿ.

ಪರೀಕ್ಷೆ ಮಾಡಿ ನೋಡೋಣ. 1989ರಲ್ಲಿ ಅಪ್ಪರ್ ಡೆಕ್ ಅನ್ನೋ ಹೊಸ ಕಂಪನಿ ತನ್ನ ಮೊದಲ ಸೆಟ್ಟಿನ 1ನೇ ನಂಬರ್ ಕಾರ್ಡಿಗೆ ಕೆನ್ ಗ್ರಿಫಿ ಜೂನಿಯರ್ ಅವರನ್ನು ಹಾಕಿತು. ಹಾಲ್ ಆಫ್ ಫೇಮ್ ಆಟಗಾರ, ರೂಕಿ ಕಾರ್ಡು, ಸುಂದರ ಚಿತ್ರ, ಎಲ್ಲ ಇದೆ. ಆದ್ರೆ ಆ ಹೊತ್ತಿಗೆ ರೂಕಿ ಅಂದ್ರೆ ದುಡ್ಡು ಅಂತ ಊರಿಗೆಲ್ಲ ಗೊತ್ತಾಗಿತ್ತು. ಎಲ್ಲರೂ ಕೊಂಡು ನೇರ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟರು. ಪಿಎಸ್‌ಎ ಒಂದೇ ಆ ಕಾರ್ಡಿನ ಹತ್ತಾರು ಸಾವಿರ ಪ್ರತಿಗಳಿಗೆ ದರ್ಜೆ ಕೊಟ್ಟಿದೆ. ಪೂರ್ತಿ 10 ಅಂಕ ಸಿಕ್ಕಿದ್ದೂ ಸಾವಿರಗಟ್ಟಲೆ.

ಅದೇ ಚೀಟಿ, ಪೂರಾ ಉಲ್ಟಾ ಫಲ. 1954ರಲ್ಲಿ ಹೊಸಬ ಅನ್ನೋ ಕಾರಣಕ್ಕೆ ಕಾರ್ಡು ಹಾಳಾಯಿತು, 1989ರಲ್ಲಿ ಅದೇ ಕಾರಣಕ್ಕೆ ರಾಶಿ ಉಳೀತು. ಹೀಗಿರುವಾಗ ರೂಕಿ ಪದವನ್ನೊಂದೇ ಹಿಡಿದು ಬೆಲೆ ಹೇಳೋರ ಮಾತು ಹೇಗೆ ನಂಬೋದು?

9/10

ಇದು ನನಗೆ ಅತಿ ಮುಖ್ಯವಾದ ಪೋಸ್ಟ್. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಓದಿ.

ಮೊದಲು ಬೇಬ್ ರೂತ್. 1914ರಲ್ಲಿ ಬಾಲ್ಟಿಮೋರ್ ನ್ಯೂಸ್ ಪತ್ರಿಕೆ ಊರಿನ ತಂಡದ ಕಾರ್ಡುಗಳನ್ನು ತಂದಿತು. ಅದರಲ್ಲಿ 19 ವರ್ಷದ ರೂತ್ ಇದ್ದಾರೆ. ಗೊತ್ತಿರೋ ಪ್ರತಿಗಳು ಸುಮಾರು ಹತ್ತು. ಆದ್ರೆ ಅದು ಕೆಳ ಲೀಗಿನ ತಂಡ, ಒಂದೇ ಊರಿನ ಹಂಚಿಕೆ. ಹಾಗಾಗಿ ರೂತ್ ರೂಕಿ ಅಂತ ಒಪ್ಪಿರೋದು 1915-16ರ ಇನ್ನೊಂದು ಕಾರ್ಡನ್ನು. ಆದ್ರೂ 2023ರ ಡಿಸೆಂಬರ್‌ನಲ್ಲಿ 1914ರ ಕಾರ್ಡು 72 ಲಕ್ಷ ಡಾಲರ್ ತಂದಿತು, ಸುಮಾರು 60 ಕೋಟಿ ರೂಪಾಯಿ. ಕೊಂಡವರು ನಿಯಮ ನೋಡಲಿಲ್ಲ, ಹುಡುಗನ ಮುಖ ನೋಡಿದ್ರು.

ಈಗ ಸ್ಯಾಚೆಲ್ ಪೇಜ್. ಅವರ ರೂಕಿ ಕಾರ್ಡು 1948-49ರ ಲೀಫ್ ಸೆಟ್ಟಿನದ್ದು. ಕಡಿಮೆ ಅಚ್ಚಾದ ಕಾರ್ಡು ಬೇರೆ. ರೂಕಿಯೂ ಹೌದು, ಅಪರೂಪವೂ ಹೌದು. ಅವರು ದೊಡ್ಡ ಲೀಗಿನಲ್ಲಿ ಮೊದಲ ಪಂದ್ಯ ಆಡಿದ್ದು 1948ರ ಜುಲೈನಲ್ಲಿ. ಆಗ ವಯಸ್ಸು ಎಷ್ಟು ಗೊತ್ತಾ? 42!

ನಲವತ್ತೆರಡು ವರ್ಷದ "ಹೊಸಬ". ಅದಕ್ಕೂ ಮೊದಲು ಎರಡು ದಶಕ ಅವರು ನೀಗ್ರೊ ಲೀಗುಗಳಲ್ಲಿ ಆಡಿದ್ರು, ಯಾಕಂದ್ರೆ ಕಪ್ಪು ಜನರನ್ನು ದೊಡ್ಡ ಲೀಗಿಗೆ ಸೇರಿಸ್ತಿರಲಿಲ್ಲ. ಆ ಗೋಡೆ ಒಡೆದ ಜಾಕಿ ರಾಬಿನ್‌ಸನ್ ಅವರಿಗೂ 1947ರಲ್ಲಿ 28 ತುಂಬಿತ್ತು. ದೊಡ್ಡ ಗಮ್ ಕಂಪನಿಗಳು, ಸಿಗರೇಟು ಕಂಪನಿಗಳು ನೀಗ್ರೊ ಲೀಗಿನವರ ಕಾರ್ಡು ಹಾಕಲಿಲ್ಲ. 1923-24ರಲ್ಲಿ ಆಸ್ಕರ್ ಚಾರ್ಲ್‌ಸ್ಟನ್ ತರಹದ ಮಹಾ ಆಟಗಾರನ ಕಾರ್ಡು ಬಂದಿದ್ದು ಅಮೆರಿಕದಲ್ಲಲ್ಲ, ಕ್ಯೂಬಾದ ಸಿಗರೇಟಿನ ಜೊತೆ.

ಜಾಶ್ ಗಿಬ್ಸನ್ ಅಂತೂ 1947ರ ಜನವರಿಯಲ್ಲಿ, ರಾಬಿನ್‌ಸನ್ ಮೈದಾನಕ್ಕಿಳಿಯೋ ಮೂರು ತಿಂಗಳ ಮೊದಲು, 35ನೇ ವಯಸ್ಸಿಗೆ ತೀರಿಕೊಂಡ್ರು. 2020ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ನೀಗ್ರೊ ಲೀಗುಗಳನ್ನೂ ದೊಡ್ಡ ಲೀಗು ಅಂತ ಒಪ್ಪಿತು. 2024ರಲ್ಲಿ ಅಂಕಿಅಂಶ ಸೇರಿಸಿದಾಗ ಗಿಬ್ಸನ್ ಅವರ .372 ಸರಾಸರಿಯೇ ಸಾರ್ವಕಾಲಿಕ ಮೊದಲ ಸ್ಥಾನಕ್ಕೆ ಬಂತು. ದಾಖಲೆ ಪುಸ್ತಕ ತಿದ್ದಬಹುದು. ಅವರು ಆಡ್ತಿದ್ದಾಗ ಅಮೆರಿಕದ ಮಕ್ಕಳ ಕೈಗೆ ಸಿಗಬೇಕಿದ್ದ ಆ ಗಮ್ ಕಾರ್ಡನ್ನು ಈಗ ಅಚ್ಚು ಹಾಕೋಕಾಗುತ್ತಾ?

ರೂಕಿ ನಿಯಮ ಹೇಳುತ್ತೆ, ದೊಡ್ಡ ಲೀಗಿನಲ್ಲಿ ಮೊದಲ ಕಾರ್ಡು ಅಂತ. ದೊಡ್ಡ ಲೀಗಿನ ಬಾಗಿಲು ಯಾರಿಗೆ ತೆರೆದಿತ್ತು ಅಂತ ಅದು ಕೇಳಲ್ಲ. ಪೇಜ್ ಕಾರ್ಡಿನ ಮೇಲೆ "ರೂಕಿ" ಅಂತ ಅಂಟಿಸಿದಾಗ ಇಪ್ಪತ್ತು ವರ್ಷದ ಅನ್ಯಾಯದ ಮೇಲೂ ಅದೇ ಚೀಟಿ ಅಂಟಿ ಮುಚ್ಚಿಹೋಗುತ್ತೆ.

10/10

ಇಷ್ಟು ದೂರ ಬಂದಿರಿ, ಒಟ್ಟು ಮಾತು ಹೇಳಿ ಮುಗಿಸ್ತೀನಿ.

ರೂಕಿ ಪದವನ್ನು ಕಿತ್ತು ಹಾಕಿ ಅಂತ ನಾನು ಹೇಳ್ತಿಲ್ಲ. ಆರನ್ ಅವರ ಸಾಲು ಸಾಲು ಕಾರ್ಡುಗಳಲ್ಲಿ ಒಂದನ್ನು ಹುಡುಕೋಕೆ ಅದು ಒಳ್ಳೇ ವಿಳಾಸ. ಆದ್ರೆ ವಿಳಾಸವನ್ನೇ ಮನೆ ಅಂತ ತಿಳೀಬೇಡಿ. ಎರಡು ಹಳೇ ಕಾರ್ಡನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ನಾಲ್ಕು ಪ್ರಶ್ನೆ ಕೇಳಿ. ಸೇವ್ ಮಾಡ್ಕೊಳ್ಳಿ:

ಎಷ್ಟು ಉಳಿದಿದೆ? ಇದು ಎಣಿಕೆ. ದರ್ಜೆ ಕೊಡೋ ಕಂಪನಿಗಳು ಯಾವ ಕಾರ್ಡಿನ ಎಷ್ಟು ಪ್ರತಿ ತಮ್ಮ ಹತ್ತಿರ ಬಂದಿದೆ ಅಂತ ಪಟ್ಟಿ ಪ್ರಕಟಿಸ್ತವೆ. ದರ್ಜೆಗೆ ಹೋಗದ ಪ್ರತಿಗಳು ಅದರಲ್ಲಿ ಇರಲ್ಲ ಅನ್ನೋದು ನೆನಪಿರಲಿ.

ಯಾಕೆ ಇಷ್ಟೇ ಉಳಿದಿದೆ? ಆಕಸ್ಮಿಕವಾ, ಮಕ್ಕಳ ಆಟದ ಸವೆತವಾ, ಕಂಪನಿಯ ಕೈಚಳಕವಾ?

ಯಾರಿಗೆ ಬೇಕು, ಯಾಕೆ ಬೇಕು? ಕಾರ್ಡು ಡಾಯ್ಲ್‌ದಾ, ವ್ಯಾಗ್ನರ್‌ದಾ?

ರೂಕಿ ಅಂತ ಹೇಳಿದ್ದು ಯಾರು, ಯಾವಾಗ, ಯಾರನ್ನು ಹೊರಗಿಟ್ಟು?

ಮೊದಲ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ನಾಲ್ಕನೆಯದಕ್ಕೆ ಬನ್ನಿ. ಬಹಳ ಜನ ನಾಲ್ಕನೆಯದರಿಂದ ಶುರು ಮಾಡಿ ಅಲ್ಲೇ ನಿಲ್ತಾರೆ.

ಇದೆಲ್ಲ ನಮಗ್ಯಾಕೆ ಅಂತೀರಾ? ನಮ್ಮ ಫೀಡಿನಲ್ಲೂ ಈಗ "ರೂಕಿ ಕಾರ್ಡು ಕೊಳ್ಳಿ, ಹತ್ತು ಪಟ್ಟು ಲಾಭ" ಅನ್ನೋ ರೀಲುಗಳು ಬರ್ತಿವೆ. ಕ್ರಿಕೆಟ್ ಕಾರ್ಡು, ಫುಟ್‌ಬಾಲ್ ಕಾರ್ಡು, ಪೋಕೆಮಾನ್, ಯಾವುದೇ ಇರಲಿ, ಮಾರೋರ ಮಂತ್ರ ಎರಡೇ: "ಮೊದಲನೆಯದು", "ಕೆಲವೇ ಇವೆ". ಪಾಕೆಟ್ ಮನಿ ಕೊಡೋ ಮೊದಲು ಎರಡಕ್ಕೂ "ಯಾರು ಹೇಳಿದ್ದು?" ಅಂತ ಕೇಳಿ. ಗ್ರಿಫಿ ಕಾರ್ಡನ್ನು ಮುಂದೆ ಮನೆ ಕಟ್ಟಿಸಬಹುದು ಅಂತ ಬಚ್ಚಿಟ್ಟವರು ಅಮೆರಿಕದ ತುಂಬ ಇದ್ದಾರೆ.

ನನಗೆ ಒಂದೇ ಒಂದು ಹಳೇ ಕಾರ್ಡು ಆರಿಸ್ಕೋ ಅಂದ್ರೆ 100 ಕೋಟಿಯ ಮ್ಯಾಂಟಲ್ ಬೇಡ. ಸ್ಯಾಚೆಲ್ ಪೇಜ್ ಅವರ ಲೀಫ್ ಸಾಕು, ಮೂಲೆ ಮುರಿದಿದ್ರೂ ಪರವಾಗಿಲ್ಲ. ಅದು ರೂಕಿ ಅಂತಲ್ಲ. ಅದನ್ನು ಯಾರಾದ್ರೂ ರೂಕಿ ಅಂದಾಗ, "ನಲವತ್ತೆರಡು ವರ್ಷಕ್ಕೆ ಯಾಕೆ?" ಅಂತ ಕೇಳೋಕೆ ಒಂದು ಅವಕಾಶ ಸಿಗುತ್ತೆ ಅಂತ.

ನಿಮ್ಮ ಆಯ್ಕೆ ಯಾವುದು? ಕಾಮೆಂಟಿನಲ್ಲಿ ಹಾಕಿ. ಬರೀ ಹೆಸರು ಬೇಡ, ಕಾರಣ ಸಮೇತ ಬರೀರಿ. ರೂಕಿ ಕಡೆಯವರೇ, ನಿಮಗಾಗಿಯೇ ಕಾಯ್ತಿರ್ತೀನಿ.

#ಹಳೇಕಾರ್ಡು #ಬೇಸ್‌ಬಾಲ್‌ಕಾರ್ಡು #ರೂಕಿಯೋಅಪರೂಪವೋ #ಕನ್ನಡದಲ್ಲಿಓದಿ